ಬಾಬ್ಚಾ ನಿಲ್ಲಿಸಿದ ಕ್ಯೂ

ಆ ದಿನಗಳಲ್ಲಿ ಸಿಡ್ನಿಯ ಪಶ್ಚಿಮದಲ್ಲಿ ಒಂದು ಸೈಟು ಬೇಕೆಂದರೆ ಕ್ಯೂ ನಿಲ್ಲಬೇಕಿತ್ತು. ಈಗಿನ ಹಾಗೆ ಮೊಬೈಲಿನಲ್ಲಿ ಹೆಸರು ಕೊಟ್ಟು, ಕಾಫಿ ಹೀರುತ್ತಾ ಕಾಯುವ ಕಾಲವಲ್ಲ ಅದು. ಹೊಸ ಬಡಾವಣೆಯ ಸೈಟುಗಳು ಮಾರಾಟಕ್ಕಿವೆ ಎಂದು ಪೇಪರಿನಲ್ಲಿ ಬಂದರೆ ಸಾಕು, ಜನ ಮಡಿಚುವ ಕುರ್ಚಿ, ಕಂಬಳಿ, ಐಸ್ ಡಬ್ಬ ಹೊತ್ತುಕೊಂಡು ಹೋಗಿ ಮಾರಾಟದ ಕಚೇರಿಯ ಮುಂದೆ ಠಿಕಾಣಿ ಹೂಡುತ್ತಿದ್ದರು. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ನಿಮ್ಮಲ್ಲಿ ಯಾರಾದರೂ ಆಗ ಹಾಗೆ ನಿಂತವರಿದ್ದರೆ ಆ ಕುರ್ಚಿಯ ಪಟ್ಟಿ ತೊಡೆಗೆ ಒತ್ತುತ್ತಿದ್ದದ್ದು ನೆನಪಿರಬೇಕು.

ನಾವು ಮೈಸೂರಿನಿಂದ ಬಂದು ಬ್ಲ್ಯಾಕ್‌ಟೌನ್‌ನಲ್ಲಿ ಬಾಡಿಗೆಗಿದ್ದೆವು. ನಾನು ಹದಿನಾಲ್ಕರ ಹುಡುಗಿ. ಪಕ್ಕದ ಮನೆಯಲ್ಲಿ ಪೋಲೆಂಡಿನ ಜೋಫಿಯಾ ಅಜ್ಜಿ, ಅವರ ಮಗಳು, ಮತ್ತು ನನ್ನ ವಯಸ್ಸಿನ ಮೊಮ್ಮಗ ಮಾರೆಕ್. ಅವರ ಭಾಷೆಯಲ್ಲಿ ಅಜ್ಜಿಗೆ ಬಾಬ್ಚಾ ಎನ್ನುತ್ತಾರೆ. ಮಾರೆಕ್ ಹಾಗೆ ಕರೆಯುತ್ತಿದ್ದ, ನಾನೂ ಕಲಿತೆ, ಕೊನೆಗೆ ನಮ್ಮಪ್ಪನೂ ಬಾಬ್ಚಾ ಎನ್ನತೊಡಗಿದರು. ಅಮ್ಮ ಮಾತ್ರ ಕೊನೆಯವರೆಗೂ ಆಂಟಿ ಎಂದೇ ಕರೆದಳು.

ಬಾಬ್ಚಾ ಬೆಳೆದದ್ದು, ಮದುವೆಯಾದದ್ದು, ಮಗಳನ್ನು ಹೆತ್ತದ್ದು ಎಲ್ಲವೂ ಕಮ್ಯುನಿಸ್ಟ್ ಆಳ್ವಿಕೆಯಲ್ಲಿ. ಅಲ್ಲಿ ಸಕ್ಕರೆಗೂ ಕ್ಯೂ, ಸಾಬೂನಿಗೂ ಕ್ಯೂ. ಆ ದೇಶ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಅಭ್ಯಾಸ ಬಿಟ್ಟಿರಲಿಲ್ಲ. ಎಲ್ಲಿ ಕ್ಯೂ ಕಂಡರೂ ಹೋಗಿ ನಿಂತುಬಿಡುತ್ತಿದ್ದರು. ಒಮ್ಮೆ ಸ್ಟೇಷನ್ ಹತ್ತಿರ ಹಾಗೆ ನಿಂತವರು ಕೆನ್ನೆಯ ಮೇಲೆ ಹುಲಿಮೀಸೆ ಬರೆಸಿಕೊಂಡು ಮನೆಗೆ ಬಂದರು. ಅದು ಮಕ್ಕಳ ಮುಖಕ್ಕೆ ಬಣ್ಣ ಹಚ್ಚುವವರ ಕ್ಯೂ ಆಗಿತ್ತು!

"ಕೇಳಿಕೊಂಡು ನಿಲ್ಲೋದಲ್ವಾ ಬಾಬ್ಚಾ?" ಎಂದು ನಾನು ನಕ್ಕಾಗ, ಹುಲಿಮೀಸೆಯಲ್ಲೇ ಗಂಭೀರವಾಗಿ ಹೇಳಿದರು. "ಮೊದಲು ನಿಲ್ಲು, ಆಮೇಲೆ ಕೇಳು. ನೀನು ಕೇಳ್ತಾ ಇರುವಷ್ಟರಲ್ಲಿ ಐದು ಜನ ನಿನ್ನ ಮುಂದೆ ನಿಂತಿರ್ತಾರೆ."

ಮಾರೆಕ್ ಉದ್ದನೆಯ ಹುಡುಗ. ಕಿವಿಗಳು ಮುಖಕ್ಕಿಂತ ಮೊದಲೇ ಬೆಳೆದುಬಿಟ್ಟಿದ್ದವು. ಶಾಲೆಗೆ ಜೊತೆಯಲ್ಲಿ ಹೋಗಿ ಜೊತೆಯಲ್ಲಿ ಬರುತ್ತಿದ್ದೆವು. ಹಿತ್ತಲಲ್ಲಿ ಒಡೆದ ಹೆಂಚಿನ ಚೂರುಗಳನ್ನು ಪೇರಿಸಿ, ಟೆನಿಸ್ ಚೆಂಡಿನಲ್ಲಿ ಅವನಿಗೆ ಲಗೋರಿ ಕಲಿಸಿದೆ. ಗೆದ್ದಾಗ ಅವನು "ಲಗೂರಿ!" ಎಂದು ಕೂಗುವುದನ್ನು ಕೇಳಿ ಅಮ್ಮ ಅಡುಗೆಮನೆಯಲ್ಲೇ ನಗುತ್ತಿದ್ದಳು. ನಮ್ಮ ಮನೆಯ ಇಂಗಿನ ಒಗ್ಗರಣೆ ಅವರ ಕಿಟಕಿಗೆ, ಅವರ ಮನೆಯ ಬೇಯಿಸಿದ ಕೋಸಿನ ವಾಸನೆ ನಮ್ಮ ಕಿಟಕಿಗೆ. ಎರಡು ಮನೆಯವರೂ ಮೂಗು ಮುಚ್ಚಿಕೊಳ್ಳುವುದನ್ನು ಬಿಟ್ಟು ಬಹಳ ದಿನವಾಗಿತ್ತು.

ನಮ್ಮ ಗೆಳೆತನ ಯಾವಾಗ ಬೇರೇನೋ ಆಯಿತೆಂದು ನನಗೆ ತಿಳಿಯದು. ಆದರೆ ಅದು ನನಗೆ ಗೊತ್ತಾದ ಗಳಿಗೆ ಚೆನ್ನಾಗಿ ನೆನಪಿದೆ. ಮೆಲ್ಬರ್ನ್‌ನಿಂದ ಚಿಕ್ಕಪ್ಪ ಫೋನ್ ಮಾಡಿದ್ದರು. ಅಪ್ಪನ ಕಂಪನಿ ಅಪ್ಪನಿಗೆ ಅಲ್ಲಿಗೆ ವರ್ಗ ಕೊಡಲು ಸಿದ್ಧವಿತ್ತು. ಅಪ್ಪ ಫೋನ್ ಇಟ್ಟು ಅಮ್ಮನಿಗೆ ಹೇಳಿದರು.

"ಇಲ್ಲಿ ಎಲ್ಲಾ ಸಬರ್ಬ್‌ನಲ್ಲೂ ರೇಟ್ ಏರ್ತಾನೇ ಇದೆ. ಈ ಸಲದ ರಿಲೀಸ್‌ನಲ್ಲಿ ಸೈಟ್ ಸಿಕ್ಕಿದ್ರೆ ಸರಿ, ಇಲ್ದಿದ್ರೆ ಮೆಲ್ಬರ್ನ್‌ಗೆ ಹೊರಟುಬಿಡೋಣ. ಅಲ್ಲಿ ಇನ್ನೂ ನಮ್ಮ ಕೈಗೆ ಎಟುಕುತ್ತೆ."

ನನಗೆ ದಿಗಿಲಾಯಿತು. ಶಾಲೆ ಬಿಡಬೇಕಲ್ಲ ಎಂದಲ್ಲ, ಸಿಡ್ನಿ ಬಿಡಬೇಕಲ್ಲ ಎಂದೂ ಅಲ್ಲ. ಆ ದೊಡ್ಡ ಕಿವಿಗಳು ಕಣ್ಣ ಮುಂದೆ ಬಂದವು. ಅಯ್ಯೋ, ಇದೇನಾಯಿತು ನನಗೆ ಎಂದುಕೊಂಡೆ.

ಮಾರನೆಯ ದಿನ ಮಾರೆಕ್‌ಗೆ ಹೇಳಿದೆ. ಅವನು ಒಳಗೆ ಹೋಗಿ ಬಾಬ್ಚಾರನ್ನೇ ಕರೆತಂದ. ಅವರು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ ಒಂದೇ ಪ್ರಶ್ನೆ ಕೇಳಿದರು. "ಕ್ಯೂ ಎಂದು ಶುರು?"

"ಶನಿವಾರ ಬೆಳಿಗ್ಗೆ ಎಂಟಕ್ಕೆ ಮಾರಾಟ ಬಾಬ್ಚಾ."

"ಮಾರಾಟ ಕೇಳಲಿಲ್ಲ. ಕ್ಯೂ ಎಂದು ಶುರು?" ನಾನು ಲೆಕ್ಕ ಹಾಕುವಷ್ಟರಲ್ಲಿ "ನಾವು ನಿಂತಾಗ ಶುರು," ಎಂದು ಅವರೇ ಹೇಳಿ, ಕುರ್ಚಿ ತರಲು ಗ್ಯಾರೇಜಿಗೆ ಹೋದರು.

ಶಾಲೆಗೆ ರಜೆಯಿತ್ತು. ಗುರುವಾರ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಮೂವರು ಬಂದಾಗಿತ್ತು. ನಮ್ಮದು ನಾಲ್ಕನೆಯ ಜಾಗ. ಸುತ್ತಲೂ ಕೆಂಪು ಮಣ್ಣು, ಗೂಟ ಹೊಡೆದು ದಾರ ಕಟ್ಟಿದ ಖಾಲಿ ನೆಲ, ಆಚೆಗೆ ನೀಲಗಿರಿ ಮರಗಳು. ಹಗಲು ಬಾಬ್ಚಾ, ನಾನು, ಮಾರೆಕ್ ಸರದಿಯಲ್ಲಿ ಕೂರುವುದು, ಕೆಲಸ ಮುಗಿಸಿ ಬಂದ ಮೇಲೆ ಅಪ್ಪ ಕಾರಿನಲ್ಲಿ ಮಲಗುವುದು ಎಂದು ಬಾಬ್ಚಾ ತೀರ್ಮಾನಿಸಿದರು. ಇಡೀ ಕ್ಯೂಗೂ ಅವರೇ ಯಜಮಾನಿಯಾದರು. ಯಾರಿಗೆ ಯಾವ ಸೈಟು ಬೇಕೆಂದು ಒಬ್ಬೊಬ್ಬರನ್ನೇ ವಿಚಾರಿಸಿದರು. ನಮಗೆ ಬೇಕಾಗಿದ್ದ, ಪೂರ್ವಕ್ಕೆ ಮುಖವಿದ್ದ ಸಣ್ಣ ಸೈಟನ್ನು ಮುಂದಿನ ಮೂವರೂ ಬೇಡವೆಂದರು. ಅದರ ಮೇಲೆ ಕಣ್ಣಿಟ್ಟಿದ್ದವರು ಒಬ್ಬರೇ, ನಮ್ಮ ಬೆನ್ನಿಗೇ ಕೂತಿದ್ದ ಫಿಜಿಯ ಅಂಕಲ್.

ಆಮೇಲೆ ಬಾಬ್ಚಾ ಬಾಲ್‌ಪೆನ್ ತೆಗೆದರು. ಅವರ ಊರಿನಲ್ಲಿ ನಡುವೆ ಯಾರೂ ನುಸುಳದಿರಲೆಂದು ಅಂಗೈಯಲ್ಲಿ ನಂಬರ್ ಬರೆಯುತ್ತಿದ್ದರಂತೆ. ಇಲ್ಲಿಯೂ ಬರೆಸಿದರು. ಜನ ನಗುನಗುತ್ತಾ ಕೈ ಒಡ್ಡಿದರು. ನನ್ನ ಸರದಿ ಬಂದಾಗ ಪೆನ್ನು ಮಾರೆಕ್ ಕೈಯಲ್ಲಿತ್ತು. ಅವನು ನನ್ನ ಬಲಗೈ ಹಿಡಿದು ನಿಧಾನವಾಗಿ ನಾಲ್ಕು ಎಂದು ಬರೆದ. ಅಷ್ಟು ಸಣ್ಣ ಅಂಕೆಗೆ ಅಷ್ಟು ಹೊತ್ತು ಬೇಕಿರಲಿಲ್ಲ. ಅವನ ಕಿವಿಗಳು ದಾಸವಾಳದ ಹಾಗೆ ಕೆಂಪಾದವು. ನನ್ನದೂ ಆಗಿರಬೇಕು, ನನ್ನ ಮೈಬಣ್ಣ ಮಾನ ಉಳಿಸಿತು.

ಅಂದು ರಾತ್ರಿ ಊಟಕ್ಕೆ ಕೂತು ನಾನು ಎಡಗೈಯಲ್ಲಿ ಚಮಚ ಹಿಡಿದೆ.

"ಏನೇ ಇದು ಅನಿಷ್ಟ! ಎಡಗೈಲಿ ತಿಂತೀಯಲ್ಲೇ!" ಎಂದಳು ಅಮ್ಮ.

"ನಂಬರ್ ಅಳಿಸಿಹೋಗುತ್ತಮ್ಮ."

ಅಮ್ಮ ನನ್ನ ಅಂಗೈ ನೋಡಿದಳು, ನನ್ನ ಮುಖ ನೋಡಿದಳು. ಇನ್ನೊಂದು ಚಮಚ ಚಿತ್ರಾನ್ನ ಬಡಿಸಿದಳು.

ಶುಕ್ರವಾರವೂ ಚಿತ್ರಾನ್ನವೇ, ಜೊತೆಗೆ ಬಾಬ್ಚಾರ ಉಪ್ಪುನೀರಿನ ಸೌತೆಕಾಯಿ. ಎರಡೂ ಸೇರಿದರೆ ಅಷ್ಟು ರುಚಿಯಾಗುತ್ತದೆಂದು ಪ್ರಪಂಚದಲ್ಲಿ ಇನ್ನೂ ಎಷ್ಟೋ ಜನರಿಗೆ ಗೊತ್ತಿಲ್ಲ. ಸೌತೆಕಾಯಿ ಕಡಿಯುತ್ತಾ ಬಾಬ್ಚಾ ತಮ್ಮ ಕಥೆ ಹೇಳಿದರು. ಹದಿನೇಳರ ವಯಸ್ಸಿನಲ್ಲಿ ಚಳಿಗಾಲದ ಬೂಟಿಗೆಂದು ಬೆಳಗಿನಿಂದ ನಿಂತಿದ್ದರಂತೆ. ಹಿಂದೆ ಒಬ್ಬ ಅಪರಿಚಿತ ಹುಡುಗ. ಬೆನ್ನಿಗೆ ಗಾಳಿ ತಾಗದ ಹಾಗೆ ನಿಂತಿದ್ದ. ಇವರ ಸರದಿ ಬಂದಾಗ ಅಂಗಡಿಯಲ್ಲಿ ಉಳಿದದ್ದು ಒಂದೇ ಜೊತೆ, ಅದೂ ಗಂಡಸರದ್ದು. ಸಿಕ್ಕಿದ್ದನ್ನು ಬಿಡುವ ಹಾಗಿರಲಿಲ್ಲ, ಕೊಂಡರು. ಹುಡುಗನಿಗೆ ಏನೂ ಸಿಗಲಿಲ್ಲ.

"ಆಮೇಲೆ?" ಎಂದೆ.

"ಹೊರಗೆ ಬಂದು ಅವನ ಕೈಗೆ ಕೊಟ್ಟೆ. ಸರಿಯಾಗಿ ಹಿಡಿಸಿತು. ಮದುವೆಗೂ ಅದನ್ನೇ ಹಾಕಿಕೊಂಡು ಬಂದ, ಅದೇ ಮಾರೆಕ್‌ನ ತಾತ." ಬಾಬ್ಚಾ ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. "ಆ ಸರಕಾರ ನನಗೆ ಇನ್ನೊಮ್ಮೆ ಬೇಡ. ಬಾಯಿಬಿಟ್ಟು ಮಾತಾಡುವ ಹಾಗಿರಲಿಲ್ಲ, ಮನೆಯಲ್ಲೂ ಪಿಸುಗುಟ್ಟಬೇಕು. ಆದರೆ ಆ ಕ್ಯೂ ಬೇಕು. ಅಲ್ಲಿ ಯಾರೂ ಒಬ್ಬರೇ ಇರುತ್ತಿರಲಿಲ್ಲ."

ಮಾರೆಕ್ ನನ್ನನ್ನು ನೋಡಲಿಲ್ಲ. ತನ್ನ ಕುರ್ಚಿಯನ್ನು ಮಾತ್ರ ಸ್ವಲ್ಪ ಸರಿಸಿಕೊಂಡು ಗಾಳಿ ಬೀಸುವ ಕಡೆಗೆ ಕೂತ. ನನಗೆ ಅಷ್ಟು ಸಾಕಾಯಿತು.

ಶನಿವಾರ ಬಂತು. ಅಮ್ಮ ರೇಷ್ಮೆ ಸೀರೆಯುಟ್ಟು, ಕುಂಕುಮದ ಡಬ್ಬಿ ಹಿಡಿದು ಬಂದಿದ್ದಳು. ಆದರೆ ಎಂಟು ಗಂಟೆಗೆ ಕಚೇರಿಯ ಹುಡುಗ ಹೊರಗೆ ಬಂದು, ಕಂಪ್ಯೂಟರ್ ಕೆಟ್ಟಿದೆ, ಒಂಬತ್ತಕ್ಕೆ ಬಾಗಿಲು ತೆರೆಯುತ್ತೇವೆ ಎಂದ. ಅಮ್ಮನ ಮುಖ ಬಿಳುಪೇರಿತು.

"ರೀ, ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ!"

"ರಾಹುಗೆ ಆಸ್ಟ್ರೇಲಿಯಾ ವೀಸಾ ಇಲ್ಲ ಕಣೇ. ಸುಮ್ನೆ ಬಾ."

"ತಮಾಷೆ ಸಾಕು. ಮೊದಲನೇ ಮನೆ ಕಣ್ರೀ. ಸೈನ್ ಇಬ್ರೂ ಹಾಕ್ಬೇಕು ತಾನೆ? ಹತ್ತೂವರೆ ತನಕ ನಾನು ಆ ಬಾಗಿಲು ದಾಟಲ್ಲ. ಸಿಗದಿದ್ರೆ ಮೆಲ್ಬರ್ನ್‌ಗೇ ಹೋಗೋಣ ಬಿಡಿ."

ಅಮ್ಮ ಹಟ ಹಿಡಿದರೆ ಅಪ್ಪ ಏನೂ ಮಾಡುವ ಹಾಗಿರಲಿಲ್ಲ. ಬೆನ್ನಿಗೇ ಫಿಜಿ ಅಂಕಲ್. ನಾವು ಜಾಗ ಬಿಟ್ಟರೆ ಸೈಟು ಅವರದು. ಎರಡು ದಿನ ಬಿಸಿಲಲ್ಲಿ ಕೂತದ್ದು, ಎಡಗೈಯಲ್ಲಿ ಉಂಡದ್ದು, ಎಲ್ಲವೂ ಒಂದು ರಾಹುಕಾಲಕ್ಕೆ ಮಣ್ಣುಪಾಲು. ನನಗೆ ಅಳುವೇ ಬಂತು. ಅಳುತ್ತಲೇ ಬಾಬ್ಚಾರಿಗೆ ರಾಹುಕಾಲವೆಂದರೇನೆಂದು ವಿವರಿಸಿದೆ. ಅವರಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ.

"ಒಂದೂವರೆ ಗಂಟೆ ತಾನೆ?" ಎಂದರು. "ಕುರ್ಚಿಯಲ್ಲಿ ಕೂತವರು ಏಳುವ ತನಕ ಅವರು ನೋಡುತ್ತಿರುವ ಸೈಟನ್ನು ಬೇರೆಯವರಿಗೆ ಕೊಡುವುದಿಲ್ಲ. ನಿನ್ನೆಯೇ ಕೇಳಿಟ್ಟಿದ್ದೇನೆ. ನಾನು ನಿಮ್ಮಪ್ಪನ ಜೊತೆ ಒಳಗೆ ಹೋಗುತ್ತೇನೆ. ರಾಹುವಿಗೂ ನನಗೂ ಪರಿಚಯವಿಲ್ಲ. ನೀನು ಅಮ್ಮನ ವಾಚು ನೋಡುತ್ತಿರು. ಹೊತ್ತು ಮುಗಿದ ಕೂಡಲೇ ಗಾಜಿನ ಮೇಲೆ ಕೈ ಇಡು."

ಒಂಬತ್ತಕ್ಕೆ ಬಾಗಿಲು ತೆರೆಯಿತು. ಒಳಗೆ ಮೇಜುಗಳು ನಾಲ್ಕೈದಿದ್ದವು, ಹಾಗಾಗಿ ಹಿಂದಿನವರ ಕೆಲಸಕ್ಕೇನೂ ಅಡ್ಡಿಯಾಗಲಿಲ್ಲ. ಒಂದರ ಮುಂದೆ ಅಪ್ಪ ಪರೀಕ್ಷೆಗೆ ಬಂದ ಹುಡುಗನ ಹಾಗೆ ಕೂತರು. ಪಕ್ಕದಲ್ಲಿ ಬಾಬ್ಚಾ ಚೀಲವನ್ನು ತೊಡೆಯ ಮೇಲಿಟ್ಟು ಕೂತರು. ಎದುರಿಗೆ ಕೂದಲಿಗೆ ಜೆಲ್ ಹಚ್ಚಿದ್ದ ಕಚೇರಿಯ ಹುಡುಗ. ಅಲ್ಲಿ ನಡೆದದ್ದನ್ನು ಅಪ್ಪ ವರ್ಷಗಟ್ಟಲೆ ಅಭಿನಯಿಸಿ ತೋರಿಸುತ್ತಿದ್ದರು. ಬಾಬ್ಚಾ ಕೇಳಿದ್ದೇ ಕೇಳಿದ್ದು: ಮಳೆ ನೀರು ಯಾವ ಕಡೆಗೆ ಹರಿಯುತ್ತದೆ? ಆ ಕಡೆಯೇ ಯಾಕೆ? ಬೇಲಿಯ ಆಚೆಯ ಮರ ಬಿದ್ದರೆ ಯಾರ ಮನೆಯ ಮೇಲೆ ಬೀಳುತ್ತದೆ? ಈ ಮಣ್ಣಿನಲ್ಲಿ ಸೌತೆಕಾಯಿ ಬರುತ್ತದೆಯೇ? ನಕ್ಷೆ ತೋರಿಸಿ. ಇದಲ್ಲ, ದೊಡ್ಡ ನಕ್ಷೆ. ಹುಡುಗ ಟೈ ಸಡಿಲಿಸಿದ, ಎದ್ದು ಹೋಗಿ ನಕ್ಷೆ ತಂದ, ಯಾರಿಗೋ ಫೋನ್ ಮಾಡಿದ. ಒಮ್ಮೆ ಪೆನ್ನನ್ನು ಅಪ್ಪನ ಕಡೆಗೆ ಸರಿಸಿಯೂ ನೋಡಿದ. ಬಾಬ್ಚಾ ಆ ಪೆನ್ನು ತೆಗೆದುಕೊಂಡು ಅದರಿಂದಲೇ ನಕ್ಷೆಯ ಮೇಲೆ ತೋರಿಸುತ್ತಾ ಇನ್ನೊಂದು ಪ್ರಶ್ನೆ ಕೇಳಿದರು. ಅಪ್ಪನ ಬೋಳುತಲೆ ಬೆವರಿನಲ್ಲಿ ಹೊಳೆಯುವುದು ಹೊರಗಿದ್ದ ನಮಗೂ ಕಾಣುತ್ತಿತ್ತು.

ಗಾಜಿನ ಈಚೆ ನಾನು ಅಮ್ಮನ ಮಣಿಕಟ್ಟು ಹಿಡಿದುಕೊಂಡೇ ನಿಂತಿದ್ದೆ. ವಾಚಿನ ಮುಳ್ಳಿಗೆ ಅಂದು ಯಾವ ಅವಸರವೂ ಇರಲಿಲ್ಲ. ಫಿಜಿ ಅಂಕಲ್ ಪಕ್ಕದ ಮೇಜಿನಿಂದ ಕತ್ತು ಚಾಚಿ ಚಾಚಿ ನಮ್ಮ ಸೈಟನ್ನೇ ನೋಡುತ್ತಿದ್ದರು. ಅಮ್ಮ ತುಟಿಯಲ್ಲೇ ರಾಯರ ಜಪ ಮಾಡುತ್ತಿದ್ದಳು, ಮಾರೆಕ್ ಉಗುರು ಕಚ್ಚುತ್ತಿದ್ದ. ಕೊನೆಗೂ ಹತ್ತೂವರೆ ದಾಟಿತು. ಅಮ್ಮ ನನ್ನ ಬೆನ್ನು ತಟ್ಟಿದಳು.

"ಈಗ ಇಡೇ!"

ನಾನು ಬಲಗೈಯನ್ನು ಗಾಜಿಗೆ ಒತ್ತಿದೆ. ಮಾಸಿದ್ದರೂ ನಾಲ್ಕು ಇನ್ನೂ ಕಾಣುತ್ತಿತ್ತು. ಮಾರೆಕ್ ಕೂಡ ತನ್ನ ಕೈಯನ್ನು ನನ್ನ ಕೈಯ ಪಕ್ಕಕ್ಕೇ ಇಟ್ಟ. ಬಾಬ್ಚಾ ತಲೆಯೆತ್ತಿ ನೋಡಿದರು, ಪ್ರಶ್ನೆಯನ್ನು ಅರ್ಧಕ್ಕೇ ನಿಲ್ಲಿಸಿದರು. "ಚೆನ್ನಾಗಿದೆ. ಎಲ್ಲಿ ಸೈನ್ ಮಾಡಬೇಕು?" ಎಂದರು. ಆ ಹುಡುಗನ ಮುಖದಲ್ಲಿ ಅಂಥ ನೆಮ್ಮದಿಯನ್ನು ಅವನ ಹೆತ್ತ ತಾಯಿಯೂ ನೋಡಿರಲಿಕ್ಕಿಲ್ಲ.

ಅಮ್ಮ ಬಲಗಾಲಿಟ್ಟು ಒಳಗೆ ಹೋಗಿ ಸೈನ್ ಮಾಡಿದಳು, ಕಾಗದದ ಮೂಲೆಗೆ ಕುಂಕುಮ ಹಚ್ಚಿದಳು. ಅವರು ಹೊರಗೆ ಬಂದಾಗ ಇಡೀ ಕ್ಯೂ ಎದ್ದು ಚಪ್ಪಾಳೆ ತಟ್ಟಿತು. ಎರಡು ದಿನದಲ್ಲಿ ಎಲ್ಲರಿಗೂ ಎಲ್ಲರ ವಿಷಯ ಗೊತ್ತಾಗಿತ್ತಲ್ಲ! ಪಕ್ಕದ ಸೈಟು ಹಿಡಿದ ಫಿಜಿ ಅಂಕಲ್ ಕೂಡ ಅಪ್ಪನನ್ನು ತಬ್ಬಿಕೊಂಡರು. ಆ ಗದ್ದಲದಲ್ಲಿ ಮಾರೆಕ್ ನನ್ನ ಕೈ ಹಿಡಿದ. ಈ ಸಲ ಅವನ ಬಳಿ ಪೆನ್ನಿರಲಿಲ್ಲ. ಬಿಡಲೂ ಇಲ್ಲ. ನಾನು ರಾಣಿಯ ಹಾಗೆ ನಿಂತಿದ್ದೆ. ಅಂಥ ಗೆಲುವು ಆಮೇಲೆ ಡಿಗ್ರಿ ಸಿಕ್ಕಾಗಲೂ ನನಗೆ ಸಿಗಲಿಲ್ಲ.

ಅಮ್ಮ ನೋಡಿದಳು. ನೋಡಿಯೂ ನೋಡದವಳ ಹಾಗೆ ಕಾರಿನ ಬಾಗಿಲು ತೆಗೆದಳು. "ಮಧ್ಯಾಹ್ನ ಪಾಯಸ ಮಾಡ್ತೀನಿ. ಆಂಟಿನೂ ಬರ್ಲಿ," ಎಂದು, ಒಂದು ಗಳಿಗೆ ತಡೆದು, "ಆ ಹುಡುಗನ್ನೂ ಕರಿ," ಎಂದಳು.

ಮುಂದಿನದು ಕೇಳಿದರೆ ನೀವು ನಗುತ್ತೀರಿ. ಮನೆ ಕಟ್ಟಿದೆವು, ಬಾಬ್ಚಾ ಹಿತ್ತಲಲ್ಲಿ ಸೌತೆ ಬೀಜ ಹಾಕಿಕೊಟ್ಟರು. ಎರಡು ವರ್ಷ ಕಳೆಯುವಷ್ಟರಲ್ಲಿ ಮಾರೆಕ್‌ನ ತಾಯಿಗೆ ಬೇರೆ ಕೆಲಸ ಸಿಕ್ಕಿತು. ಎಲ್ಲಿ ಅಂತೀರಿ? ಮೆಲ್ಬರ್ನ್‌ನಲ್ಲಿ! ರಾಹುವನ್ನೇ ಕಾಯಿಸಿ ನಾನು ಇಲ್ಲಿ ಉಳಿದೆ, ಅವನು ಹೊರಟುಹೋದ. ವಾರಗಟ್ಟಲೆ ಅತ್ತೆ. ಆಮೇಲೆ ಫೋನು ಬಂತು, ಈಮೇಲ್ ಬಂತು, ಅವೂ ನಿಧಾನಕ್ಕೆ ಕಡಿಮೆಯಾದವು. ಆದರೆ ಆ ಎರಡು ವರ್ಷ ನನ್ನದು, ಅದನ್ನು ಗೆದ್ದು ತಂದವಳು ನಾನು.

ಕೆಲವು ವರ್ಷಗಳ ಹಿಂದೆ ಬಾಬ್ಚಾ ತೀರಿಕೊಂಡಾಗ ಮೆಲ್ಬರ್ನ್‌ಗೆ ಹೋಗಿದ್ದೆ. ಚರ್ಚಿನಲ್ಲಿ ಹೂವಿಡಲು ಜನ ಸಾಲಾಗಿ ನಿಂತಿದ್ದರು. ಸಾಲಿನ ಕೊನೆಯಲ್ಲಿ ಮಾರೆಕ್, ಪಕ್ಕದಲ್ಲಿ ಅವನ ಹೆಂಡತಿ. ಕಿವಿಗಳು ಈಗ ಮುಖಕ್ಕೆ ಸರಿಹೊಂದಿದ್ದವು. ಅವನು ತೇವದ ಕಣ್ಣಿನಲ್ಲೇ ಕೇಳಿದ, "ನಿನ್ನ ನಂಬರ್ ಎಷ್ಟು?" ನಾನು ಬಲ ಅಂಗೈ ಬಿಚ್ಚಿ ತೋರಿಸಿದೆ. ಇಬ್ಬರೂ ನಕ್ಕೆವು.

ಈಚೆಗೆ ಮಾರ್ಸ್ಡನ್ ಪಾರ್ಕ್‌ನಲ್ಲಿ ನಾನೂ ನನ್ನ ಗಂಡನೂ ಒಂದು ಸೈಟು ತೆಗೆದುಕೊಂಡೆವು. ಆನ್‌ಲೈನ್ ಲಾಟರಿ. ನಾನು ಪಾತ್ರೆ ತೊಳೆಯುತ್ತಿದ್ದಾಗ, ಸಿಕ್ಕಿದೆ ಎಂದು ಫೋನಿಗೆ ಮೆಸೇಜು ಬಂತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಕ್ಕದ ಸೈಟು ಯಾರಿಗೆ ಸಿಕ್ಕಿತೋ ಇವತ್ತಿಗೂ ಗೊತ್ತಿಲ್ಲ. ಕೈ ಒರೆಸಿಕೊಂಡೆ, ಏನೋ ಕಳೆದುಕೊಂಡ ಹಾಗಾಯಿತು.

ಹೋದ ತಿಂಗಳು ಮಗಳ ಜೊತೆ ಪ್ಯಾರಮಟ್ಟಾಕ್ಕೆ ಹೋಗಿದ್ದೆ. ಸ್ಟೇಷನ್ ಹೊರಗೆ ಉದ್ದನೆಯ ಕ್ಯೂ, ಮುಂದಿನ ತುದಿ ತಿರುವಿನ ಆಚೆಗಿತ್ತು. ನನ್ನ ಕಾಲು ತಾನಾಗಿ ಹೋಗಿ ಕೊನೆಯಲ್ಲಿ ನಿಂತಿತು. ಮುಂದಿದ್ದ ಮುದುಕರೊಬ್ಬರು ತಿರುಗಿ ನೋಡಿ ನಕ್ಕು, ಸ್ವಲ್ಪ ಸರಿದು ನೆರಳಿಗೆ ಜಾಗ ಕೊಟ್ಟರು.

ಮಗಳಿಗೆ ಅವಮಾನ. "ಅಮ್ಮಾ, ವಾಟ್ ಈಸ್ ದಿಸ್ ಲೈನ್ ಫಾರ್?" ಎಂದು ಸೆರಗು ಜಗ್ಗಿದಳು.

"ಗೊತ್ತಿಲ್ಲ ಕಣೇ," ಎಂದೆ. "ಮೊದಲು ನಿಲ್ಲು, ಆಮೇಲೆ ಕೇಳೋಣ."