ತಂಗಿಯ ಕೈಗುಣ, ನನ್ನ ಪೈಪು

ಗಂಡ ತೀರಿಕೊಂಡ ಮೇಲೆ ತಂಗಿ ಕೋಟೇಶ್ವರದ ನಮ್ಮ ಮನೆಗೆ ಬಂದು, ಮದುವೆ ಮುಂಜಿಗಳಿಗೆ ಕೊಟ್ಟೆ ಕಡುಬು ಮಾಡಿಕೊಡಲು ಶುರುಮಾಡಿದಳು. ಹಲಸಿನ ಎಲೆಯ ಕೊಟ್ಟೆ ಕಟ್ಟುವುದರಿಂದ ಹಿಟ್ಟಿನ ಹದದವರೆಗೆ ಎಲ್ಲವೂ ಅವಳದೇ ಕೈ. ಆರ್ಡರ್ ಹೆಚ್ಚಾದಾಗ ಹಿತ್ತಲಲ್ಲಿ ಸಣ್ಣದೊಂದು ಸ್ಟೀಮ್ ಬಾಯ್ಲರ್ ಕೂರಿಸಿದೆವು. ಅಲ್ಲಿಂದ ಅಡುಗೆಮನೆಯ ಕಡುಬಿನ ಪೆಟ್ಟಿಗೆಗೆ ಪೈಪ್ ಎಳೆದವನು ನಾನು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು, ತೆಂಗಿನ ತೋಟಗಳಿಗೆ ನೀರಿನ ಪೈಪ್ ಹಾಕಿಯೇ ಬದುಕಿದವನು. ಹಬೆಯೂ ನೀರಿನ ಹಾಗೆಯೇ, ಪೈಪಿದ್ದ ಕಡೆ ಹೋಗುತ್ತದೆ ಎಂದುಕೊಂಡಿದ್ದೆ.

ದಾರಿಯಲ್ಲಿ ದೇವರ ಕೋಣೆಯ ಹೊರಗೋಡೆ ಸಿಕ್ಕಿತು. ನೇರ ಎಳೆದರೆ ಪೈಪ್ ದೇವರ ಪೀಠಕ್ಕಿಂತ ಮೇಲಾಗುತ್ತಿತ್ತು. ದೇವರ ತಲೆಯ ಮೇಲಿನಿಂದ ಏನೂ ಹಾಯಬಾರದೆಂದು ಅಷ್ಟು ಉದ್ದ ಮಾತ್ರ ಕೆಳಗಿಳಿಸಿ, ಕೋಣೆ ದಾಟಿದ ಮೇಲೆ ಮತ್ತೆ ಎತ್ತಿದೆ. ಯಾರೂ ಹೇಳಿರಲಿಲ್ಲ. ನನಗೇ ಹಾಗನ್ನಿಸಿತ್ತು.

ಬೆಂಕಿ ಹಾಕಿದ ಮೊದಲ ದಿನವೇ ಪೈಪಿನೊಳಗೆ ಡಬ್ ಡಬ್ ಎಂದು ಬಡಿಯತೊಡಗಿತು.

“ಹ್ವಾಯ್ ಅಣ್ಣ, ಒಳಗೆ ಯಾರನ್ನ ಕೂಡಿ ಹಾಕಿದ್ಯಾ? ಸುತ್ತಿಗೆ ಹೊಡೀತಿದ್ರ್ ಕಾಣ್!” ಎಂದು ತಂಗಿ ನಕ್ಕಳು.

“ಹೊಸತಲ್ದಾ ಮಾರಾಯ್ತಿ, ಪಳಗುಕ್ ನಾಕ್ ದಿನ ಬೇಕ್” ಎಂದೆ.

ಪಳಗಲಿಲ್ಲ. ಉಪ್ಪುಂದದ ಮದುವೆಯೊಂದರಿಂದ ಬುಟ್ಟಿಗಟ್ಟಲೆ ಕಡುಬು ವಾಪಸು ಬಂತು. ಮೇಲೆಲ್ಲ ನೀರು ನಿಂತು ಪಿಚಪಿಚ ಎನ್ನುತ್ತಿತ್ತು.

ಮರುದಿನ ಬಾಯ್ಲರ್ ಉರಿಸಿ, ಕೈಗೆ ದಪ್ಪ ಒಣ ಬಟ್ಟೆ ಸುತ್ತಿಕೊಂಡು ಪೈಪಿನುದ್ದಕ್ಕೂ ಮುಟ್ಟುತ್ತ ಹೋದೆ. ದೇವರ ಕೋಣೆಯ ಹಿಂದೆ, ನಾನು ಇಳಿಸಿದ ಜಾಗದಲ್ಲೇ ಅಂಗೈಗೆ ಗುದ್ದು ತಾಗಿತು. ಬೆಂಕಿ ಆರಿಸಿ, ಪೈಪ್ ತಣ್ಣಗಾದ ಮೇಲೆ ಅಲ್ಲಿನ ಜೋಡಣೆ ಬಿಚ್ಚಿದರೆ ಒಂದು ಚೊಂಬಿನಷ್ಟು ನೀರು ಸುರಿಯಿತು. ಆಗ ತಿಳಿಯಿತು. ಹಬೆ ತಣಿದು ನೀರಾಗಿ ಆ ತಗ್ಗಿನಲ್ಲಿ ನಿಲ್ಲುತ್ತಿತ್ತು. ಹಿಂದಿನಿಂದ ಬಂದ ಹಬೆ ಅದನ್ನೇ ಎತ್ತಿ ಬಡಿದು ಕಡುಬಿನ ಮೇಲೆ ಎರಚುತ್ತಿತ್ತು.

“ಎಂತಾಯ್ತ್ ಅಣ್ಣ?” ತಂಗಿ ಬಾಗಿಲಿನಿಂದ ಕೇಳಿದಳು.

ಊರಿಗೆಲ್ಲ ಪೈಪ್ ಹಾಕುವವನು ಮನೆಯ ಪೈಪನ್ನೇ ಕೆಡಿಸಿದೆ ಎನ್ನಲು ನಾಲಿಗೆ ಏಳಲಿಲ್ಲ. “ಪೈಪ್ ಸಮ ಇತ್ತ್. ನಿನ್ ಹಿಟ್ಟೇ ನೀರಾಯ್ತೇನೋ” ಎಂದೆ.

ಅವಳು ತನ್ನ ಕೈ ನೋಡಿಕೊಂಡಳು. “ಹಂಗಾರೆ ನನ್ ಕೈಗುಣ ಹೋಯ್ತ್.”

ಆ ದಿನದಿಂದ ಅವಳು ಹಿಟ್ಟು ಮುಟ್ಟಲಿಲ್ಲ. ನನ್ನ ಹೆಂಡತಿಗೆ ಹದ ಹೇಳಿಕೊಡುತ್ತ ದೂರ ನಿಲ್ಲುತ್ತಿದ್ದಳು. ತಂಗಿ ಬಿಜೂರಿನ ಚಿಕ್ಕಮ್ಮನ ಮನೆಗೆ ಹೋದ ದಿನ ನಾನು ಆ ತಗ್ಗಿಗೊಂದು ಸಣ್ಣ ನಲ್ಲಿ ಕೂರಿಸಿದೆ. ಹಬೆ ಬಿಡುವಾಗೆಲ್ಲ ಯಾರಿಗೂ ಕಾಣದಂತೆ ಅದನ್ನು ತಿರುಗಿಸಿ ನೀರು ಹೊರಬಿಡುತ್ತಿದ್ದೆ. ಬಡಿತ ನಿಂತಿತು. ಕಡುಬು ಹೂವಿನ ಹಾಗೆ ಅರಳಿತು. ಎಲ್ಲ ಸರಿಹೋಯಿತೆಂದು ನಾನು ಹಿಗ್ಗಿದೆ. ನಿಜವಾಗಿ ಕೆಟ್ಟದ್ದು ಆಗಲೇ.

“ಕಂಡ್ಯಾ ಅಣ್ಣ? ಅತ್ತಿಗೆ ಕೈ ಎಷ್ಟ್ ಲಾಯ್ಕ್ ಇತ್ತ್!” ಎಂದಳು ತಂಗಿ.

“ನಂಗೆ ದೋಸೆ ಹಿಟ್ಟೇ ಸಮ ಬತ್ತಿಲ್ಲೆ, ಸುಮ್ನಿರ್” ಎಂದಳು ನನ್ನ ಹೆಂಡತಿ.

“ಇಲ್ಲೆ ಅತ್ತಿಗೆ. ಇನ್ ಕಡುಬಿನ್ ಕೆಲ್ಸ ನೀವೇ ಕಾಣಿ. ನಾ ಕೊಟ್ಟೆ ಕಟ್ಟಿ ಕೊಡ್ತೆ, ಅಷ್ಟೇ.” ಅವಳ ದನಿಯಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೋ ಏನೋ.

ಅವಳನ್ನು ದೇವರ ಕೋಣೆಯ ಹಿಂದಕ್ಕೆ ಕರೆದುಕೊಂಡು ಹೋಗಿ ನಲ್ಲಿ ತಿರುಗಿಸಿದೆ. ಬುಸ್ಸೆಂದು ನೀರು ಬಂತು.

“ಇದ್ ನನ್ ಪೈಪಿನ್ ನೀರ್. ನಿನ್ ಹಿಟ್ಟಿನದ್ದಲ್ಲ.”

ಅವಳು ನೀರನ್ನೂ ಪೈಪಿನ ತಗ್ಗನ್ನೂ ನೋಡಿದಳು. “ನಿಂಗ್ ಯಾವಾಗ್ ಗೊತ್ತಾಯ್ತ್?”

“ಉಪ್ಪುಂದದ ಮದಿ ಮರ್ದಿನವೇ.”

ಬೈಯುತ್ತಾಳೆಂದು ಕಾದೆ. ಅವಳು ಒಳಗೆ ಹೋಗಿ, ಮೊಣಕೈವರೆಗೆ ಕೈ ತೊಳೆದು, ಹಿಟ್ಟಿನ ಪಾತ್ರೆಯನ್ನು ನನ್ನ ಹೆಂಡತಿಯ ಮುಂದಿನಿಂದ ತನ್ನತ್ತ ಎಳೆದುಕೊಂಡಳು. ನಾನು ಹೊಸ್ತಿಲಲ್ಲಿ ನಿಂತದ್ದನ್ನು ಕಂಡು, “ನೀ ಹೊರಗ್ ಕೂಕೋ. ಬೆಂದ್ ಮೇಲೆ ಕರೀತೆ” ಎಂದಳು.

ಕರೆಯಲಿಲ್ಲ. ಹೆಂಡತಿ ಬಟ್ಟಲಲ್ಲಿ ಎರಡು ಕಡುಬು ತಂದು ಜಗಲಿಯಲ್ಲಿಟ್ಟು ಹೋದಳು. ತಿಂದೆ, ಬಹಳ ಚೆನ್ನಾಗಿತ್ತು. ಒಳಗೆ ಹೋಗಿ ಹಾಗೆಂದು ಹೇಳಲು ಇವತ್ತಿನವರೆಗೂ ಆಗಿಲ್ಲ.