ಉಷ್ಣವೋ, ಗ್ರಿಲ್ಲೋ, ರಕ್ತವೋ

ಲಾಕ್‌ಡೌನ್‌ನಲ್ಲಿ ನಮ್ಮ ಭಾವ ಮೀಟಿಂಗ್ ನಡುವೆ ಪದೇ ಪದೇ ಮೂತ್ರಕ್ಕೆಂದು ಎದ್ದು ಟಾಯ್ಲೆಟ್‌ಗೆ ಓಡತೊಡಗಿದರು. ಹೆಡ್‌ಸೆಟ್ ಕಿತ್ತೆಸೆಯುವುದು, ಪ್ಯಾಂಟು ಹಿಡಿದು ಓಡುವುದು, ಎಲ್ಲವನ್ನೂ ನಾನು ಅಡುಗೆಮನೆಯಲ್ಲಿ ಮಾಡಿ ತೋರಿಸುತ್ತಿದ್ದೆ. ಅಕ್ಕ ನಗುತ್ತಿದ್ದಳು. ಭಾವನೂ.

ಭಾವ ಡೇರಿಯಸ್ ಆಫ್ರಿಕನ್-ಅಮೆರಿಕನ್. ನಾವು ಮೂವರೂ ಇರುವ ಟಾಲಾ ಊರಿನ ಮನೆಯ ಹಿತ್ತಲಲ್ಲಿ ಭಾನುವಾರ ಗ್ರಿಲ್ ಹಚ್ಚುವುದು ಅವರ ಪೂಜೆ. ಕರಕಲಾದ ಅಂಚುಗಳು ನನ್ನ ಪ್ರಸಾದ. ಮೈಸೂರಿನಿಂದ ವೀಡಿಯೊ ಕಾಲ್‌ನಲ್ಲೇ ಅಮ್ಮ ಕಾಯಿಲೆ ಕಂಡುಹಿಡಿದಳು.

"ಉಷ್ಣ ಕಣೇ! ಆ ಪಾಟಿ ಸುಟ್ಟ ಮಾಂಸ ತಿಂದ್ರೆ ಇನ್ನೇನಾಗತ್ತೆ? ಬಾರ್ಲಿ ನೀರು ಕುಡಿಸು."

ಅಕ್ಕ ಕುಡಿಸಿದಳು. ಓಟ ಇನ್ನೂ ಜಾಸ್ತಿಯಾಯಿತು.

"ನೋಡಿದ್ಯಾ, ಉಷ್ಣ ಇಳೀತಾ ಇದೆ!" ಎಂದಳು ಅಮ್ಮ.

ಕೊನೆಗೆ ಜಿಪಿ, ಅಂದರೆ ನಮ್ಮ ಮಾಮೂಲಿ ಡಾಕ್ಟರು, ಬ್ಲಡ್ ಟೆಸ್ಟ್ ಬರೆದರು. ರಕ್ತದಲ್ಲಿ ಪಿಎಸ್‌ಎ ಎಂಬ ಅಂಶ ಹೆಚ್ಚು. ಸ್ಕ್ಯಾನ್. ಬಯಾಪ್ಸಿ.

ಪ್ರಾಸ್ಟೇಟ್ ಕ್ಯಾನ್ಸರ್.

ಕೋವಿಡ್ ಅಂತ ಆಸ್ಪತ್ರೆಯೊಳಗೆ ರೋಗಿಗೆ ಮಾತ್ರ ಪ್ರವೇಶ. ನಾನೂ ಅಕ್ಕನೂ ಕಾರ್ ಪಾರ್ಕ್‌ನಲ್ಲಿ ಕೂತು ಭಾವ ಒಳಗಿನಿಂದ ಮಾಡಿದ ಫೋನಿನ ಸ್ಪೀಕರ್ ಮೂಲಕ ಡಾಕ್ಟರ ಮಾತು ಕೇಳಿದೆವು. ಅಕ್ಕ ಕೇಳಿದ್ದು ಒಂದೇ. "ಸುಟ್ಟ ಮಾಂಸದಿಂದ ಬಂತಾ ಡಾಕ್ಟರ್?"

"ಹೇಳೋಕಾಗಲ್ಲ. ಜಾಸ್ತಿ ಕಾವಿನಲ್ಲಿ ಬೆಂದ ಮಾಂಸಕ್ಕೂ ಇದಕ್ಕೂ ನಂಟಿರಬಹುದು ಅಂತ ಕೆಲವರು, ಇಲ್ಲ ಅಂತ ಕೆಲವರು. ಕಪ್ಪು ಗಂಡಸರಿಗೆ ಅಪಾಯ ಹೇಗೂ ಹೆಚ್ಚು. ಮನೇಲಿ ಯಾರಿಗಾದ್ರೂ ಇತ್ತಾ?"

ಆಮೇಲೆ ಭಾವನ ದನಿ. "ಅಪ್ಪನಿಗೆ. ಅದರಲ್ಲೇ ಹೋದರು."

ಅಕ್ಕ ನನ್ನ ಮುಖ ನೋಡಿದಳು. ಮಾವ ಹಾರ್ಟ್ ಅಟ್ಯಾಕ್‌ನಲ್ಲಿ ಹೋದರೆಂದೇ ಅವಳು ನಂಬಿದ್ದಳು.

ಹಾಗಾದರೆ ಕಾರಣ ಯಾವುದು? ಅಪ್ಪನ ರಕ್ತವೋ, ಗ್ರಿಲ್ಲೋ, ಅಮ್ಮನ ಉಷ್ಣವೋ? ಅದೇ ಗ್ರಿಲ್ಲಿನಿಂದ ನಾನೂ ತಿಂದೆನಲ್ಲ? ಎಲ್ಲರ ದನಿ ಅಣಕಿಸುವ ನನಗೆ ಆ ಡಾಕ್ಟರದ್ದು ಮಾತ್ರ ಬರಲಿಲ್ಲ. ಅಷ್ಟು ಸಮಾಧಾನವಾಗಿ "ಗೊತ್ತಿಲ್ಲ" ಎನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ರೂಢಿಯಿಲ್ಲ. ಅಕ್ಕ ಗ್ರಿಲ್ಲನ್ನು ಶೆಡ್‌ಗೆ ದೂಡಿ ಬೀಗ ಹಾಕಿದಳು. ಭಾವ ಬೇಳೆ ಸಾರು ಉಣ್ಣುತ್ತಾ, "ಕಾಯಿಲೆ ನನ್ನದು, ತಪ್ಪೂ ನನ್ನದೇನಾ?" ಎಂದರು. ನಾನು ತಮಾಷೆ ಮಾಡಲು ಬಾಯಿ ತೆರೆದೆ. ಬದಲಿಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ರೇಡಿಯೇಷನ್ ಮುಗಿಯಿತು. ಸುಸ್ತು ಇನ್ನೂ ಇದೆ. ಪಿಎಸ್‌ಎ ಇಳಿದಿದೆ. "ಸದ್ಯಕ್ಕೆ ಗ್ರ್ಯಾಂಡ್" ಎಂದರು ನರ್ಸ್, ಇಲ್ಲಿನವರ ಮಾತಲ್ಲಿ ಚೆನ್ನಾಗಿದೆ ಅಂತ. ಆ "ಸದ್ಯಕ್ಕೆ"ಯನ್ನೇ ಅಕ್ಕ ದಿನವೆಲ್ಲ ಕೈಮುಗಿದು ಹೇಳಿಕೊಂಡಳು.

ಆ ಸಂಜೆ ಭಾವ ಅಮೆರಿಕದಲ್ಲಿರುವ ತಮ್ಮನಿಗೆ ಫೋನ್ ಮಾಡಿದರು. ಹವಾಮಾನ, ಫುಟ್‌ಬಾಲ್, ಮತ್ತೆ ಹವಾಮಾನ. ಅಕ್ಕ ಮೊಣಕೈಯಿಂದ ತಿವಿದಳು.

"ಅಪ್ಪನ ಕಾಯಿಲೆ ನನಗೂ ಬಂದಿದೆ" ಎಂದರು ಭಾವ.

ಅತ್ತಲಿಂದ ತಮ್ಮ ಕೇಳಿದ, "ಹಾಗಾದ್ರೆ ನಾನು ಬಾರ್ಬೆಕ್ಯೂ ಬಿಡಬೇಕಾ?"

"ಗೊತ್ತಿಲ್ಲ ಕಣೋ. ಮೊದಲು ಹೋಗಿ ಬ್ಲಡ್ ಕೊಟ್ಟು ಬಾ."