ಭಾವ ಹಾಕುತ್ತಿದ್ದ ಕೂ

ನನ್ನ ಅಕ್ಕನ ಗಂಡ ಚಂದ್ರಣ್ಣ ಭಾವ ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ಕೂ ಹಾಕುತ್ತಿದ್ದರು. ಎರಡೂ ಅಂಗೈಗಳನ್ನು ಬಾಯಿಯ ಸುತ್ತ ಹಿಡಿದು, ಕತ್ತನ್ನು ಹಿಂದಕ್ಕೆ ವಾಲಿಸಿ, ಹೊಟ್ಟೆಯಿಂದ ಎಳೆದು ತೆಗೆದ ಉದ್ದನೆಯ ಒಂದು 'ಕೂ'. ಅದರ ಬಾಲಕ್ಕೆ ತಪ್ಪದೆ ಒಂದು ಕೆಮ್ಮು, ಗರಗಸ ಎಳೆದ ಹಾಗೆ. ಗುಡ್ಡದ ಆಚೆ ಇರುವವರನ್ನು ಕರೆಯಲು ನಮ್ಮ ಕಡೆ ತೋಟದವರು ಹಾಕುವ ಕೂ ಅದು. ಕೇಳಿಸಿಕೊಂಡವರು ತಿರುಗಿ ಕೂ ಹಾಕಬೇಕು. ಯಾರು ಯಾವ ಕಡೆ ಇದ್ದಾರೆಂದು ಅದರಿಂದಲೇ ತಿಳಿಯುವುದು. ಭಾವ ಅದನ್ನು ಹಜಾರದಲ್ಲಿ ಕೂತು ಅಡುಗೆಮನೆಯಲ್ಲಿದ್ದ ಅಕ್ಕನಿಗೆ ಹಾಕುತ್ತಿದ್ದರು. ಕಾಫಿ ಬೇಕಾದಾಗ.

ಅವರಿಗೂ ಕಾಡಿಗೂ ಇದ್ದ ಸಂಬಂಧ ಅಷ್ಟರಲ್ಲೇ ಇತ್ತು. ಆಲ್ದೂರಿನ ಪೇಟೆಯಲ್ಲಿ ಪೈಪು, ಸ್ಪ್ರಿಂಕ್ಲರ್ ಮಾರುವ ಅಂಗಡಿ ಅವರದು. ಹುಟ್ಟಿ ಬೆಳೆದದ್ದು ಅದೇ ಅಂಗಡಿಯ ಮಹಡಿಯಲ್ಲಿ. ಅವರ ಹೆಸರಿನಲ್ಲಿ ಒಂದು ಕಾಫಿ ಗಿಡವೂ ಇರಲಿಲ್ಲ. ಆದರೆ ದಿನವಿಡೀ ಅಂಗಡಿಗೆ ಬರುವ ಪ್ಲಾಂಟರುಗಳ, ತೋಟದ ಲೆಕ್ಕ ಬರೆಯುವ ರೈಟರುಗಳ ಮಾತು ಕೇಳಿ ಕೇಳಿ, ಆನೆ ಎದುರಾದರೆ ಏನು ಮಾಡಬೇಕು, ಜಿಗಣೆ ಕಚ್ಚಿದರೆ ಏನು ಹಚ್ಚಬೇಕು, ಮಳೆ ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಎಲ್ಲವೂ ತಮಗೆ ಗೊತ್ತೆಂದು ಅವರು ತೀರ್ಮಾನಿಸಿದ್ದರು. ಭಾನುವಾರ ಹೊರಗೆ ಹೊರಟರೆ ಕಾಲಿಗೆ ಗಂಬೂಟು. ಚಿಕ್ಕಮಗಳೂರಿನ ಪಾರ್ಕಿಗೆ, ಬಿಸಿಲಲ್ಲಿ, ಗಂಬೂಟು ಹಾಕಿಕೊಂಡು ಬರುವ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ.

ತಿಂಗಳಿಗೊಮ್ಮೆ ಅವರು ನಮ್ಮನ್ನು 'ಟೂರು' ಕರೆದುಕೊಂಡು ಹೋಗುತ್ತಿದ್ದರು. ನಮ್ಮನ್ನು ಎಂದರೆ ಶೈಲಕ್ಕ, ಅವಳ ಎಂಟು ವರ್ಷದ ಮಗಳು ಸಿರಿ, ಮತ್ತು ನಾನು. ಪಾರ್ಕಿನಲ್ಲಿ 'ಹುಲ್ಲಿನ ಮೇಲೆ ನಡೆಯಬೇಡಿ' ಎಂಬ ಬೋರ್ಡನ್ನು ಹುಡುಕಿ, ಸರಿಯಾಗಿ ಅದರ ಬುಡದಲ್ಲೇ ಜಮಖಾನ ಹಾಸುವುದು ಅವರ ಪದ್ಧತಿ. ಕಾವಲಿನವನು ಬಂದರೆ ಅಕ್ಕಿರೊಟ್ಟಿಯ ಡಬ್ಬಿಯನ್ನು ಅವನ ಕಡೆ ಚಾಚಿ, "ತಗೋ ಮಾರಾಯ, ಒಂದು ತಿನ್ನು. ಬೋರ್ಡು ಇರೋದು ಬಯಲುಸೀಮೆಯವ್ರಿಗೆ. ನಮಗೂ ಹುಲ್ಲು ತೋರಿಸ್ತೀಯಾ?" ಎನ್ನುವರು. ಅವನು ರೊಟ್ಟಿ ತೆಗೆದುಕೊಂಡು ಹೋಗುವನು. ಭಾವ ನಮ್ಮ ಕಡೆ ತಿರುಗಿ ಹುಬ್ಬು ಹಾರಿಸುವರು, ಒಂದು ರಾಜ್ಯ ಗೆದ್ದವರಂತೆ.

ಬಯಲುಸೀಮೆಯವರು ಎಂದರೆ ಯಾರು ಎಂಬುದಕ್ಕೆ ಅವರಲ್ಲಿ ಗಟ್ಟಿಯಾದ ಗಡಿ ಇರಲಿಲ್ಲ. ಬೆಂಗಳೂರಿನವರು, ದಾವಣಗೆರೆಯವರು, ಕಡೂರಿನವರು, ಕೊಡೆ ಹಿಡಿದವರು, ಫೋನಿನಲ್ಲಿ ದಾರಿ ನೋಡುವವರು, ಕೊನೆಗೆ ಭಾವನ ಮಾತಿಗೆ ಎದುರಾಡುವ ಯಾರಾದರೂ. ಮಂಜು ಕಂಡು ಹೋ ಎಂದು ಕೂಗುವ ಪ್ರವಾಸಿಗರನ್ನು ಕಂಡರೆ ಅವರ ತುಟಿ ಒಂದು ಕಡೆಗೆ ಜಾರುತ್ತಿತ್ತು. "ಅವ್ರಿಗೆ ಮಂಜು ಅಂದ್ರೆ ಫ್ರಿಜ್ಜಿನ ಬಾಗಿಲು ತೆಗೆದಂಗೆ ಕಣೇ."

ಒಮ್ಮೆ ಹಳೆಯ ದೇವಸ್ಥಾನವೊಂದರ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದ ವೀರಗಲ್ಲುಗಳ ಮುಂದೆ ನಿಂತು, ಯಾವುದೋ ಊರಿಂದ ಮಕ್ಕಳೊಂದಿಗೆ ಬಂದಿದ್ದ ಮೇಷ್ಟ್ರೊಬ್ಬರಿಗೆ ಭಾವ ಇತಿಹಾಸ ಹೇಳಿದರು. "ಇವೆಲ್ಲ ಹಿಂದಿನ ಕಾಲದ ಮೈಲಿಗಲ್ಲು ಸಾರ್. ಕಲ್ಲಲ್ಲಿ ಕುದುರೆ ಇದ್ರೆ ಅದು ಕುದುರೆ ಹೋಗೋ ದಾರಿ. ಕತ್ತಿ ಇದ್ರೆ ಮುಂದೆ ಕಳ್ಳರ ಕಾಟ ಇದೆ ಅಂತ." ಪಾಪ, ಆ ಮೇಷ್ಟ್ರು ಪುಸ್ತಕ ತೆಗೆದು ಬರೆದುಕೊಂಡರು. ನಾನು ಬಾಯಿ ತೆರೆಯುವಷ್ಟರಲ್ಲಿ ಶೈಲಕ್ಕ ನನ್ನ ಮೊಣಕೈ ಹಿಂಡಿದಳು. "ಬಿಡೇ, ಒಂದು ಭಾನುವಾರ ಖುಷಿಯಾಗಿ ಇರ್ಲಿ." ನಾನು ಬಿಟ್ಟೆ. ಆ ಭಾನುವಾರವೂ, ಅದರ ಹಿಂದಿನ, ಮುಂದಿನ ಎಲ್ಲ ಭಾನುವಾರಗಳೂ ಬಿಟ್ಟೆ. ಹಿರಿಯ ಭಾವ, ಅಕ್ಕನ ಗಂಡ, ಎದುರು ಮಾತಾಡಬಾರದು ಎಂದು ಬಿಟ್ಟೆ. ಅದಕ್ಕೆ ಮರ್ಯಾದೆ ಎಂದು ಹೆಸರಿಟ್ಟುಕೊಂಡಿದ್ದೆ.

ಮೂಡಿಗೆರೆಯಿಂದ ಆಚೆ, ಗುಡ್ಡದ ನೆತ್ತಿಯ ಮೇಲೆ ಬಿದ್ದುಹೋದ ಒಂದು ಕೋಟೆಯಿದೆ. ಈಗ ಉಳಿದಿರುವುದು ಮೊಣಕಾಲೆತ್ತರದ ಗೋಡೆ ಮತ್ತು ಹುಲ್ಲು. ಹುಲ್ಲು ಮುಗಿದಲ್ಲಿ ಪ್ರಪಾತ; ಅದರ ಆಚೆ ದಡದಲ್ಲಿ ನೆಟ್ಟಗೆ ನಿಂತ ಕರಿಬಂಡೆ. ಕಳೆದ ಮಳೆಗಾಲ ಮುಗಿದ ಮೇಲೆ ಅಲ್ಲಿಗೆ ಹೋದೆವು. ಮೇಲಕ್ಕೆ ಕರೆದುಕೊಂಡು ಹೋದದ್ದು ಹಮೀದಣ್ಣನ ಜೀಪು. ವರ್ಷಗಳಿಂದ ಆ ದಾರಿಯಲ್ಲೇ ಓಡಿಸುತ್ತಿರುವ, ಮಾತು ಕಡಿಮೆಯಾದ ಮನುಷ್ಯ. ನಾವು ಇಳಿಯುವಾಗ ಹೇಳಿದ:

"ಸಾರ್, ಮಂಜು ಇಳಿದ್ರೆ ಎಲ್ಲಿದ್ದೀರೋ ಅಲ್ಲೇ ಕೂತ್ಬಿಡಿ. ನಡೀಬೇಡಿ. ನಾನಿಲ್ಲಿ ಹಾರ್ನ್ ಹೊಡೀತಾ ಇರ್ತೀನಿ. ಹಾರ್ನ್ ಕೇಳಿದ ಕಡೆ ನಿಧಾನಕ್ಕೆ ಬಂದ್ರಾಯ್ತು."

"ನಂಗೇ ಹೇಳ್ತೀಯಲ್ಲ ಮಾರಾಯ!" ಭಾವ ಗಂಬೂಟಿನ ಕಾಲನ್ನು ನೆಲಕ್ಕೆ ಬಡಿದರು. "ನಾನೇನು ಬೆಂಗ್ಳೂರಿಂದ ಬಂದೋನಾ?"

"ಅಲ್ಲ ಸಾರ್. ಮಂಜಿಗೆ ಅದು ಗೊತ್ತಿರಲ್ಲ, ಅದಕ್ಕೇ ಹೇಳ್ದೆ."

ಸಿರಿ ನಕ್ಕಳು. ಭಾವ ನಗಲಿಲ್ಲ.

ಮಂಜು ಬಂದದ್ದು ನಾವು ಊಟದ ಡಬ್ಬಿ ಕಟ್ಟುವಾಗ. ಇಳಿಯಿತು ಎನ್ನುವುದು ಸರಿಯಲ್ಲ, ಕೆಳಗಿನ ಕಣಿವೆಯಿಂದ ಹತ್ತಿ ಬಂತು. ಮೊದಲು ಗೋಡೆ ಹೋಯಿತು, ಆಮೇಲೆ ಹುಲ್ಲು, ಆಮೇಲೆ ನನ್ನ ಮುಂದೆ ಚಾಚಿದ್ದ ನನ್ನದೇ ಕೈ. ಸ್ವಲ್ಪ ಹೊತ್ತಿನಲ್ಲಿ ನಮ್ಮ ಬೆನ್ನ ಹಿಂದೆ ಹಾರ್ನ್ ಕೇಳಿಸಿತು.

"ಹಿಂದಿದೆ ಜೀಪು. ಕೂತ್ಕೊಳ್ಳೋಣ ಕಣ್ರೀ," ಎಂದಳು ಅಕ್ಕ.

"ಹಿಂದೆ ಕೇಳ್ತು ಅಂದ್ರೆ ಮುಂದಿದೆ ಅಂತ. ಮಂಜಲ್ಲಿ ಶಬ್ದ ತಿರುಗುತ್ತೆ. ನಿಂಗೇನು ಗೊತ್ತು?" ಎಂದ ಭಾವ ಕೈಗಳನ್ನು ಬಾಯಿಯ ಸುತ್ತ ಹಿಡಿದರು. "ಕೂ…"

ಮುಂದಿನಿಂದ, ದೂರದಿಂದ, ಸ್ಪಷ್ಟವಾಗಿ ಉತ್ತರ ಬಂತು. "ಕೂ…"

ಭಾವನ ಮುಖ ನನಗೆ ಕಾಣಿಸುತ್ತಿರಲಿಲ್ಲ, ಆದರೆ ಅದು ಅರಳಿದ್ದು ದನಿಯಲ್ಲೇ ತಿಳಿಯಿತು. "ಕೇಳ್ತಾ? ನಮ್ಮೋರು ಯಾರೋ ಇದ್ದಾರೆ. ಕೂ ಹಾಕೋಕೆ ಬರೋನು ದಾರಿ ಮೇಲೇ ಇರ್ತಾನೆ. ಬನ್ನಿ ನನ್ನ ಹಿಂದೆ." ಅವರು ಸಿರಿಯ ಕೈ ಹಿಡಿದರು. ಅಕ್ಕ ಸಿರಿಯ ಇನ್ನೊಂದು ಕೈ ಹಿಡಿದಳು. ನಾನು ಅಕ್ಕನ ಸೆರಗು ಹಿಡಿದೆ.

ನಡೆದೆವು. ಹಿಂದಿನ ಹಾರ್ನ್ ಸಣ್ಣದಾಗುತ್ತ ಹೋಯಿತು. ಭಾವ ಬಿಡುವಿದ್ದ ಕೈಯನ್ನು ಬಾಯಿಗೆ ಹಿಡಿದು ಒಂದು ಕೂ ಹಾಕುವರು, ಆಚೆಯವನು ಒಂದು ಕೂ ಹಾಕುವನು. "ಹತ್ರ ಬಂದ್ವಿ. ನೋಡು, ಬೇಗ ಬೇಗ ಓಗೊಡ್ತಿದ್ದಾನೆ," ಎಂದರು. ಆಮೇಲೆ ಗೆಳೆಯನೊಬ್ಬನನ್ನು ಮಾತಾಡಿಸುವಂತೆ ಕೂಗಿದರು: "ಯಾವೂರು ಮಾರಾಯಾ?"

"…ರಾಯಾ," ಎಂದಿತು ಮುಂದಿನ ದನಿ.

"ನಮ್ಮೋನೇ!" ಎಂದರು ಭಾವ.

ನಾನು ಭೌತಶಾಸ್ತ್ರ ಓದಿದವಳು. ಪ್ರತಿಧ್ವನಿ ಎಂದರೇನು ಎಂಬ ಪ್ರಶ್ನೆಗೆ ಚಿತ್ರ ಬರೆದು, ಬಾಣದ ಗುರುತು ಹಾಕಿ, ಪೂರ್ತಿ ಅಂಕ ತೆಗೆದುಕೊಂಡವಳು. ಅಲ್ಲಿ, ಆ ಬಿಳುಪಿನೊಳಗೆ, ಒಬ್ಬ ಪೈಪಿನಂಗಡಿಯ ಮನುಷ್ಯ ತನ್ನದೇ ದನಿಯ ಹಿಂದೆ ಹೆಜ್ಜೆ ಹಾಕುತ್ತಿರುವಾಗ, ನಾನು ಸೆರಗು ಹಿಡಿದು ಹಿಂದೆ ಹೋಗುತ್ತಿದ್ದೆ. ನನಗೆ ಗೊತ್ತಾಗಲಿಲ್ಲವೆಂದು ಈಗ ಹೇಳಿದರೆ ಸುಳ್ಳಾದೀತು. 'ರಾಯಾ' ಎಂದು ಕೇಳಿದಾಗಲೇ ಏನೋ ಚುಚ್ಚಿತ್ತು. ಭಾವನಿಗೆ ಹೇಗೆ ಹೇಳುವುದು ಎಂದು ಮಾತು ಹುಡುಕುತ್ತಿದ್ದೆ, ಅವರಿಗೆ ಬೇಸರವಾಗದಂತಹ ಮಾತು.

ಅಷ್ಟರಲ್ಲಿ ಸಿರಿ ಹೇಳಿದಳು: "ಅಪ್ಪಾ, ಅವ್ರಿಗೂ ನಿನ್ನಂಗೇ ಕೆಮ್ಮು."

ನಾನು ಕಿರುಚಿದೆ. ಏನು ಕಿರುಚಿದೆನೋ ನೆನಪಿಲ್ಲ; "ಕೂತ್ಕೊಳ್ರೋ" ಎಂದೆನಂತೆ, ಅಕ್ಕ ಆಮೇಲೆ ಹೇಳಿದ್ದು. ಅಕ್ಕನನ್ನು ದಾಟಿ ಬಿದ್ದು ಸಿರಿಯ ಸ್ವೆಟರನ್ನು ಎರಡೂ ಕೈಯಲ್ಲಿ ಬಾಚಿ ನೆಲಕ್ಕೆ ಎಳೆದೆ. ಮಗುವಿನ ಕೈ ಭಾವನ ಕೈಯಿಂದ ಕಿತ್ತು ಬಂತು. "ಏನೇ ನಿಂದು?" ಎಂದು ಬೈಯುತ್ತಲೇ ಭಾವ ಇನ್ನೊಂದು ಹೆಜ್ಜೆ ಇಟ್ಟರು. ಮೈ ಹುಲ್ಲಿಗೆ ಬಡಿದ ಸದ್ದು, ಆಮೇಲೆ ನಾನು ಎಂದೂ ಕೇಳದ ಸಣ್ಣ ದನಿಯಲ್ಲಿ, "ಶೈಲಾ, ಕಾಲು. ಕಾಲು ಕೆಳಗೇನೂ ಇಲ್ಲ ಕಣೇ." ಅಕ್ಕ ಹೊಟ್ಟೆಯ ಮೇಲೆ ತೆವಳಿ ಅವರ ಅಂಗಿಯ ಕಾಲರು ಹಿಡಿದಳು. ಅವರು ಹುಲ್ಲು ಹಿಡಿದು ಮೇಲೆ ಬರುವಾಗ ಒಂದು ಕಾಲಿನ ಗಂಬೂಟು ಜಾರಿ ಹೋಯಿತು.

ನಾಲ್ವರೂ ಕಿವಿಗೊಟ್ಟೆವು. ಅದು ಬಿದ್ದ ಸದ್ದು ಬರಲೇ ಇಲ್ಲ.

ಹಾರ್ನ್ ಮಾತ್ರ ಹಿಂದಿನಿಂದ ಬರುತ್ತಿತ್ತು, ತಾಳ ತಪ್ಪದೆ. ಎಷ್ಟೋ ಹೊತ್ತಿನ ಮೇಲೆ ಮಂಜು ಒಮ್ಮೆ ಹರಿಯಿತು. ನಮ್ಮ ಮುಂದೆ ಒಂದು ಮಾರು ಹುಲ್ಲು, ಆಮೇಲೆ ಬರಿಯ ಗಾಳಿ, ಅದರಾಚೆ ಕರಿಬಂಡೆ. ಅಲ್ಲಿ ಯಾರೂ ಇರಲಿಲ್ಲ. ಈಗಲೂ ಬಟ್ಟೆ ಒಣಗಿಸುವಾಗ, ಬಸ್ಸಿಗೆ ಕಾಯುವಾಗ, ಆ ಒಂದು ಮಾರನ್ನು ನಾನು ಅಳೆಯುತ್ತಿರುತ್ತೇನೆ. ಮನಸ್ಸಿನೊಳಗೆ ನನ್ನ ಕೈಗೆ ಸಿರಿಯ ಸ್ವೆಟರು ಸಿಗದೇ ಹೋಗುತ್ತದೆ. ಮತ್ತೆ ಮೊದಲಿಂದ ಶುರು ಮಾಡುತ್ತೇನೆ.

ಹಾರ್ನ್ ಕೇಳಿದ ಕಡೆಗೆ ಕೂತಲ್ಲಿಂದ ಕೂತಲ್ಲಿಗೆ ಸರಿಯುತ್ತ ಬಂದೆವು. ಹಮೀದಣ್ಣ ನಮ್ಮನ್ನು ಹತ್ತಿಸಿಕೊಂಡ. ಭಾವನ ಒಂದು ಕಾಲು ಬರಿದು, ಕಾಲುಚೀಲದ ತುಂಬ ಕೆಸರು. ಜೀಪು ಎರಡು ತಿರುವು ಇಳಿಯುವಷ್ಟರಲ್ಲಿ ಅವರಿಗೆ ಹಳೆಯ ದನಿ ಮರಳಿತು.

"ಯಾವನೋ ಬಯಲುಸೀಮೆಯವ್ನು ಇರ್ಬೇಕು ಮಾರಾಯ. ಸುಮ್ಸುಮ್ನೆ ಕೂ ಹಾಕಿ ದಾರಿ ತಪ್ಪಿಸ್ಬಿಟ್ಟ. ನಾನಾಗಿದ್ದಕ್ಕೆ ಆಯ್ತು, ಬೇರೆಯವ್ರಾಗಿದ್ರೆ ಹೋಗ್ಬಿಡ್ತಿದ್ರು."

ಹಮೀದಣ್ಣ ಗೇರು ಬದಲಿಸಿದ. "ಇರ್ಬೋದು ಸಾರ್. ಭಾಷೆ ಮಾತ್ರ ನಿಮ್ದೇ ಕಲ್ತಿದ್ದಾನೆ."

ಭಾವನಿಗೆ ಅದು ಹೊಗಳಿಕೆಯಂತೆ ಕೇಳಿಸಿರಬೇಕು. ತಲೆಯಾಡಿಸಿದರು. ಅಕ್ಕ ಕಿಟಕಿಯ ಕಡೆ ತಿರುಗಿ, ಅಳುತ್ತಿದ್ದಳೋ ನಗುತ್ತಿದ್ದಳೋ, ಭುಜ ಅಲುಗುತ್ತಿತ್ತು. ಈ ಸಲ ನಾನು ಬಾಯಿ ಬಿಟ್ಟೆ. "ಅದು ನಿಮ್ಮ ದನಿ ಭಾವ. ಬಂಡೆಗೆ ಬಡಿದು ವಾಪಸ್ ಬರ್ತಿತ್ತು. ಅಲ್ಲಿ ಯಾರೂ ಇರ್ಲಿಲ್ಲ."

ಅವರ ತುಟಿ ಒಂದು ಕಡೆಗೆ ಜಾರಿತು. "ಪುಸ್ತಕ ಓದಿದೋರ ಕಥೆಯೇ ಇಷ್ಟು ಮಾರಾಯ್ತಿ. ನೀನೂ ಬಯಲುಸೀಮೆಯವಳಾಗ್ಬಿಟ್ಟೆ."

ಆಮೇಲೆ ಮದುವೆಮನೆಗಳಲ್ಲಿ, ಅಂಗಡಿಯ ಕಟ್ಟೆಯಲ್ಲಿ ಅವರು ಆ ಕಥೆ ಹೇಳುವುದನ್ನು ಕೇಳಿದ್ದೇನೆ. ಅದರಲ್ಲಿ ಮಗಳನ್ನು ಹಿಡಿದು ಎಳೆದದ್ದು ಅವರೇ. ಕಿರುಚಿ ಎಲ್ಲರನ್ನೂ ಗಾಬರಿ ಮಾಡಿದ್ದು ನಾನು. ಬೂಟು ಮಾತ್ರ ಪ್ರತಿ ಸಲವೂ ಬೀಳುತ್ತದೆ, ಅದನ್ನು ಬಿಡಲು ಅವರಿಗೂ ಮನಸ್ಸಾಗಿಲ್ಲ.

ಅವರ ಜೊತೆ ಕೊನೆಯದಾಗಿ ಹೊರಗೆ ಹೋದದ್ದು ಈ ಬೇಸಿಗೆಯಲ್ಲಿ, ಚಿಕ್ಕಮಗಳೂರಿನ ಅದೇ ಪಾರ್ಕಿಗೆ. ಅಕ್ಕ ಬೇಡಿಕೊಂಡಳೆಂದು ಹೋದೆ. ಹೊಸ ಗಂಬೂಟು, ಅದೇ ಬೋರ್ಡು, ಅದೇ ಜಮಖಾನ. ಸಂಜೆ ಹೊರಡುವ ಹೊತ್ತಿಗೆ ಭಾವ ಗೇಟಿನ ಹತ್ತಿರ ನಿಂತು, ಕೈಗಳನ್ನು ಬಾಯಿಯ ಸುತ್ತ ಹಿಡಿದು, ಕೂ ಹಾಕಿದರು. ಮೊದಲೆಲ್ಲ ಆ ದನಿ ಕೇಳಿದರೆ ಸಿರಿ ಎಲ್ಲಿದ್ದರೂ ಒಂದು ಪುಟ್ಟ ಕೂ ಹಾಕಿ ಓಡಿ ಬರುತ್ತಿದ್ದಳು.

ಅವಳು ಉಯ್ಯಾಲೆಯ ಕಡೆಯಿಂದ ನಡೆದು ಬರುತ್ತಿದ್ದಳು. ಕೂ ಕೇಳಿದ್ದೇ ನಿಂತಳು. ನಿಂತಲ್ಲೇ ನೆಲಕ್ಕೆ ಕೂತಳು. ಎರಡೂ ಕೈಯಲ್ಲಿ ಹುಲ್ಲು ಹಿಡಿದುಕೊಂಡಳು.

ಸುತ್ತ ಜನ, ಐಸ್‌ಕ್ರೀಮಿನ ಗಾಡಿ, ಬಿಸಿಲು. ಅವಳು ಏಳಲಿಲ್ಲ. ಭಾವ ಇನ್ನೊಮ್ಮೆ ಕೂ ಹಾಕಿದರು, ಕೆಮ್ಮಿದರು. ಅಕ್ಕ ಡಬ್ಬಿಗಳ ಚೀಲವನ್ನು ಕೆಳಗಿಟ್ಟು ಹೋಗಿ ಮಗಳ ಪಕ್ಕದಲ್ಲಿ ಕೂತಳು. ನಾನೂ ಹೋಗಿ ಕೂತೆ. ಮೂವರಲ್ಲಿ ಯಾರೂ ಓಗೊಡಲಿಲ್ಲ.

ಭಾವ ಮೂರನೆಯ ಸಲ ಕೂ ಹಾಕಿದರು. ರಸ್ತೆಯಾಚೆ ಹೊಸದಾಗಿ ಎದ್ದಿರುವ ಕಟ್ಟಡದ ಗೋಡೆಯಿಂದ, ತೀರ ತೆಳುವಾಗಿ, ಅದು ವಾಪಸು ಬಂತು. ಅವರು ನಮಗೆ ಬೆನ್ನು ಹಾಕಿ ಆ ಕಡೆಗೆ ತಿರುಗಿದರು.